ಬೂಟ್ ಡಿಸ್ಕ್ ಕೆಟ್ಟ ಮೇಲೆ ಮನೆಯ ಸರ್ವರ್ ಅನ್ನು ಮರಳಿ ಕಟ್ಟಿದ ಬಗೆ

ಮನೆಯಲ್ಲಿ ಸಣ್ಣದೊಂದು ಸರ್ವರ್ ಇಟ್ಟುಕೊಂಡವರ ಕಾಳಜಿಯೆಲ್ಲ ಸಾಮಾನ್ಯವಾಗಿ ದತ್ತಾಂಶದ ಡಿಸ್ಕ್‌ಗಳ ಮೇಲಿರುತ್ತದೆ. ಫೋಟೊ, ಲೆಕ್ಕಪತ್ರ, ಧ್ವನಿಮುದ್ರಣ ಇವೆಲ್ಲ ಎರಡೆರಡು ಡಿಸ್ಕ್‌ಗಳಲ್ಲಿರುತ್ತವೆ, ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುತ್ತದೆ. ಯಂತ್ರವನ್ನು ಎಬ್ಬಿಸುವ ಬೂಟ್ ಡಿಸ್ಕ್ ಮಾತ್ರ ಒಂದೇ. ಅದು ಕೆಟ್ಟರೆ ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡರಾಯಿತು ಎಂಬುದು ರೂಢಿಯ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ತಂತ್ರಾಂಶ ಎಲ್ಲಿ ಬೇಕಾದರೂ ಮತ್ತೆ ಸಿಗುತ್ತದೆ. ಆದರೆ ಯಾವ ಫೋಲ್ಡರನ್ನು ಯಾರು ನೋಡಬಹುದು, ಯಾವ ಕಂಟೇನರ್‌ಗೆ (ಸರ್ವರ್‌ನೊಳಗೆ ಪ್ರತ್ಯೇಕವಾಗಿ ನಡೆಯುವ ಕಿರು ವ್ಯವಸ್ಥೆಗೆ) ಯಾವ ವಿಳಾಸ, ಯಾವ ಕೆಲಸ ರಾತ್ರಿ ಎಷ್ಟು ಗಂಟೆಗೆ ನಡೆಯಬೇಕು ಎಂದು ವರ್ಷಗಟ್ಟಲೆ ಒಂದೊಂದಾಗಿ ತೀರ್ಮಾನಿಸಿ ಬರೆದಿಟ್ಟದ್ದು ಆ ಸಣ್ಣ ಡಿಸ್ಕ್‌ನ ಕೆಲವೇ ಎಂಬಿಗಳಲ್ಲಿ ಇರುತ್ತದೆ. ಕಳೆದ ಮಳೆಗಾಲ, ಪುನರ್ವಸು ಮಳೆ ಹಿಡಿದಿದ್ದ ಹೊತ್ತಿನಲ್ಲಿ ನಮ್ಮ ಮನೆಯ ಸರ್ವರ್‌ನ ಬೂಟ್ ಡಿಸ್ಕ್ ಕೆಟ್ಟಿತು. ಆ ಕೆಲಸ ಮುಗಿಸುವಷ್ಟರಲ್ಲಿ ನನಗೆ ಒಂದು ಸಂಗತಿ ಸ್ಪಷ್ಟವಾಯಿತು: ಹೋಯಿತೆಂದುಕೊಂಡ ವ್ಯವಸ್ಥೆಯ ಬಹುಪಾಲು ಮನೆಯೊಳಗೇ ಬೇರೆ ಬೇರೆ ಕಡೆ ದಾಖಲಾಗಿರುತ್ತದೆ, ಅದನ್ನು ಎಲ್ಲಿ ಹುಡುಕಬೇಕೆಂದು ಗೊತ್ತಿದ್ದರೆ ಸಾಕು, ಬೇರೆಲ್ಲೂ ಸಿಗದೆ ಆ ಡಿಸ್ಕ್‌ನಲ್ಲಿ ಮಾತ್ರ ಇರುವುದು ಗುಪ್ತ ಕೀಲಿಗಳು.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸರ್ವರ್ ಎಂದರೆ ಕಚೇರಿಯಲ್ಲಿ ಬಳಸಿ ಮಾರಿದ ಹಳೆಯದೊಂದು ಡೆಸ್ಕ್‌ಟಾಪ್. ಅದರಲ್ಲಿ 120 ಜಿಬಿಯ ಒಂದು ಎಸ್‌ಎಸ್‌ಡಿ, 4 ಟಿಬಿಯ ಎರಡು ಹಾರ್ಡ್‌ಡಿಸ್ಕ್. ಎಸ್‌ಎಸ್‌ಡಿಯ ಮೇಲೆ ಪ್ರಾಕ್ಸ್‌ಮಾಕ್ಸ್ 8 ಇತ್ತು. ಇದು ಡೆಬಿಯನ್ 12ರ ಮೇಲೆ ಕಟ್ಟಿದ, ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನೂ ಕಂಟೇನರ್‌ಗಳನ್ನೂ ನಡೆಸುವ ವ್ಯವಸ್ಥೆ. ಎರಡು ಹಾರ್ಡ್‌ಡಿಸ್ಕ್‌ಗಳು ಸೇರಿ ಝಡ್‌ಎಫ್‌ಎಸ್ ಎಂಬ ಶೇಖರಣಾ ವ್ಯವಸ್ಥೆಯ ಒಂದು ಮಿರರ್, ಅಂದರೆ ಎರಡರಲ್ಲೂ ಒಂದೇ ದತ್ತಾಂಶ ಇರುವ ಜೋಡಿ; ಹೀಗೆ ಒಂದಾದ ಶೇಖರಣೆಗೆ ಪೂಲ್ ಎನ್ನುತ್ತಾರೆ, ಆ ಪೂಲ್‌ಗೆ ಕಣಜ ಎಂದು ಹೆಸರಿಟ್ಟಿದ್ದೇನೆ. ಅಪ್ಪಯ್ಯ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು, ಊರಿನ ತಾಳಮದ್ದಳೆ ಕೂಟಗಳ ಧ್ವನಿಮುದ್ರಣ, ತೋಟದ ಲೆಕ್ಕ, ಮನೆಯವರ ಫೋಟೊಗಳು ಅದರಲ್ಲಿವೆ. ಒಂದು ವರ್ಚುವಲ್ ಯಂತ್ರದಲ್ಲಿ ಹೋಮ್ ಅಸಿಸ್ಟೆಂಟ್ ಎಂಬ, ಮನೆಯ ಸಾಧನಗಳನ್ನು ನೋಡಿಕೊಳ್ಳುವ ತಂತ್ರಾಂಶ ನಡೆಯುತ್ತದೆ. ಪಂಪ್‌ಸೆಟ್ ಮತ್ತು ಮಳೆಮಾಪಕದ ಲೆಕ್ಕ ಅದರ ಕೈಯಲ್ಲಿದೆ. ಅಡಿಕೆಗೆ ಕೊಳೆ ಬರುವ ಆ ವಾರಗಳಲ್ಲಿ ಮಳೆ ಯಾವಾಗ ಎಷ್ಟು ಬಿತ್ತು, ಯಾವಾಗ ಹೊಳವಾಯಿತು ಎಂಬುದನ್ನು ನೋಡಿಯೇ ಬೋರ್ಡೋ ದ್ರಾವಣ ಹೊಡೆಯುವ ದಿನವನ್ನು ಗೊತ್ತುಮಾಡುವುದರಿಂದ, ಸರ್ವರ್ ನಿಂತದ್ದು ಮನೆಯ ಎಲ್ಲರಿಗೂ ತಟ್ಟಿದ ವಿಷಯವಾಗಿತ್ತು.

ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು, ಯುಪಿಎಸ್‌ನ ಬ್ಯಾಟರಿ ಮುಗಿದು ಯಂತ್ರ ಆರಿತು. ಕರೆಂಟು ಬಂದ ಮೇಲೆ ಚಾಲೂ ಮಾಡಿದರೆ ಬೂಟ್ ಮಾಡುವ ಸಾಧನ ಸಿಗುತ್ತಿಲ್ಲ ಎಂಬ ಸಂದೇಶವಷ್ಟೇ ಪರದೆಯ ಮೇಲೆ ಬಂತು. ಯಂತ್ರ ಚಾಲೂ ಆದಾಗ ಮೊದಲು ಓಡುವ ಬಯೋಸ್‌ನ ಪಟ್ಟಿಯಲ್ಲಿ ಎಸ್‌ಎಸ್‌ಡಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಹೀಗಾಗಲು ಕಾರಣಗಳು ಹಲವು. ಎಸ್‌ಎಸ್‌ಡಿಯೊಳಗಿನ ಕಂಟ್ರೋಲರ್, ಯಾವ ದತ್ತಾಂಶ ಯಾವ ಕೋಶದಲ್ಲಿದೆ ಎಂಬ ಒಂದು ನಕ್ಷೆಯನ್ನು ಸದಾ ಬದಲಾಯಿಸುತ್ತಿರುತ್ತದೆ. ಬರೆಯುವ ಮಧ್ಯದಲ್ಲಿ ವಿದ್ಯುತ್ ನಿಂತರೆ ಆ ನಕ್ಷೆಗೇ ಪೆಟ್ಟು ಬೀಳಬಹುದು. ಡೇಟಾ ಸೆಂಟರ್‌ಗಳಿಗೆಂದು ಮಾಡಿದ ಎಸ್‌ಎಸ್‌ಡಿಗಳಲ್ಲಿ ಆ ಕ್ಷಣಕ್ಕೆ ಬೇಕಾದಷ್ಟು ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಿರುತ್ತವೆ, ಅಗ್ಗದವುಗಳಲ್ಲಿ ಇರುವುದಿಲ್ಲ. ಪ್ರಾಕ್ಸ್‌ಮಾಕ್ಸ್ ತನ್ನ ಸ್ಥಿತಿಗತಿಯನ್ನು, ಗ್ರಾಫುಗಳ ಅಂಕಿಗಳನ್ನು, ಲಾಗ್‌ಗಳನ್ನು ಬೂಟ್ ಡಿಸ್ಕ್‌ಗೆ ಎಡೆಬಿಡದೆ ಬರೆಯುತ್ತಿರುವುದರಿಂದ ಕೋಶಗಳೂ ಬೇಗ ಸವೆಯುತ್ತವೆ. ನಮ್ಮಲ್ಲಿ ಯಾವುದು ಮುಖ್ಯ ಕಾರಣವಾಯಿತೆಂದು ಡಿಸ್ಕ್ ಬಿಚ್ಚಿ ನೋಡದೆ ಹೇಳುವಂತಿಲ್ಲ.

ಇಲ್ಲಿ ಒಂದು ಮಾತನ್ನು ಯಂತ್ರ ಇನ್ನೂ ಓಡುತ್ತಿರುವವರಿಗಾಗಿ ಹೇಳಿಬಿಡುತ್ತೇನೆ. ಬೂಟ್ ಡಿಸ್ಕ್‌ನಲ್ಲಿ ದೋಷ ಕಂಡಾಗ ಲಿನಕ್ಸ್ ಬಹಳ ಸಲ ಅದರ ಫೈಲ್ ಸಿಸ್ಟಮ್ ಅನ್ನು (ಫೈಲುಗಳನ್ನು ಜೋಡಿಸಿಡುವ ಏರ್ಪಾಡನ್ನು) ಓದಲು ಮಾತ್ರ ಸಾಧ್ಯವಾಗುವ ಸ್ಥಿತಿಗೆ ತಂದು, ಮೆಮೊರಿಯಲ್ಲಿರುವುದರ ಬಲದಿಂದ ಗಂಟೆಗಟ್ಟಲೆ ನಡೆಯುತ್ತಲೇ ಇರುತ್ತದೆ. ಆಗ ರೀಸ್ಟಾರ್ಟ್ ಮಾಡಲೇಬಾರದು. ಓಡುತ್ತಿರುವ ಯಂತ್ರದಿಂದಲೇ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್, ರೂಟ್ ಎಂಬ ಮುಖ್ಯ ಬಳಕೆದಾರನ ಫೋಲ್ಡರ್, ಹೊತ್ತು ಹೊತ್ತಿಗೆ ನಡೆಯಬೇಕಾದ ಕೆಲಸಗಳ ಕ್ರಾನ್ ಪಟ್ಟಿ ಇವಿಷ್ಟನ್ನು ದತ್ತಾಂಶದ ಪೂಲ್‌ಗೆ ನಕಲು ಮಾಡಿಕೊಂಡರೆ ಮುಂದಿನ ಶ್ರಮದ ಮುಕ್ಕಾಲು ಪಾಲು ಉಳಿಯುತ್ತದೆ. ನಮ್ಮ ಯಂತ್ರ ಆರಿಯೇ ಹೋಗಿದ್ದರಿಂದ ಆ ದಾರಿ ಇರಲಿಲ್ಲ.

ಶಿವಮೊಗ್ಗದ ವಿನೋಬನಗರದಲ್ಲಿ ಅಕ್ಕನ ಮನೆಯಿದೆ. ನಮ್ಮ ದತ್ತಾಂಶದ ಎರಡನೆಯ ಪ್ರತಿ ಇರುವುದು ಅಲ್ಲಿ. ಭಾವನಿಗೆ ಈ ಯಂತ್ರಗಳ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: "ಹೊಸ ಡಿಸ್ಕ್ ತರುವ ಗಡಿಬಿಡಿ ಮಾಡಬೇಡ ಮಾರಾಯ. ಇನ್‌ಸ್ಟಾಲ್ ಮಾಡುವುದು ಯಾವತ್ತಾದರೂ ಆಗುತ್ತದೆ. ಸಾಯುವ ಡಿಸ್ಕ್ ಓದುವುದು ಇವತ್ತು ಬಿಟ್ಟರೆ ನಾಳೆ ಆಗಲಿಕ್ಕಿಲ್ಲ." ಈ ಕ್ರಮವೇ ಸರಿಯೆಂದು ಈಗಲೂ ನನ್ನ ಅಭಿಪ್ರಾಯ. ಮೊದಲು ಹಳೆಯ ಡಿಸ್ಕ್‌ನಿಂದ ಆದಷ್ಟನ್ನು ಓದಿಕೊಳ್ಳಬೇಕು, ಅದರ ಮೇಲೆ ಒಂದಕ್ಷರವನ್ನೂ ಬರೆಯಬಾರದು. ಫೈಲ್ ಸಿಸ್ಟಮ್ ದುರಸ್ತಿ ಮಾಡುವ ಯಾವ ಸಾಧನವನ್ನೂ ಮೂಲ ಡಿಸ್ಕ್‌ನ ಮೇಲೆ ಓಡಿಸಬಾರದು. ದುರಸ್ತಿಯೇನಿದ್ದರೂ ನಕಲಿನ ಮೇಲೆ.

ಎಸ್‌ಎಸ್‌ಡಿಯನ್ನು ಬಿಚ್ಚಿ, ಹಳೆಯ ಇನ್ನೊಂದು ಕಂಪ್ಯೂಟರಿನ ಸಾಟಾ ಪೋರ್ಟಿಗೆ ನೇರವಾಗಿ ಜೋಡಿಸಿ, ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ಎಬ್ಬಿಸಿದೆ. ಯುಎಸ್‌ಬಿ ಪೆಟ್ಟಿಗೆಯ ಮೂಲಕವೂ ಓದಬಹುದು, ಆದರೆ ದೋಷ ಬಂದಾಗ ಅಗ್ಗದ ಯುಎಸ್‌ಬಿ ಚಿಪ್‌ಗಳು ತಾವೇ ತಬ್ಬಿಬ್ಬಾಗಿ ಸಂಪರ್ಕ ಕಡಿದುಕೊಳ್ಳುವುದುಂಟು. ಓದಲು ಬಳಸಿದ್ದು ಗ್ನೂ ಡಿಡಿರೆಸ್ಕ್ಯೂ ಎಂಬ ಸಾಧನ. ಇದರ ಹೆಚ್ಚುಗಾರಿಕೆ ಎಂದರೆ, ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವ ಭಾಗಗಳನ್ನೆಲ್ಲ ತೆಗೆದುಕೊಂಡು, ತಕರಾರು ಮಾಡುವ ಜಾಗಗಳನ್ನು ಗುರುತು ಹಾಕಿ ಬಿಟ್ಟು ಮುಂದೆ ಹೋಗುತ್ತದೆ. ಎಲ್ಲಿ ಓದಿಯಾಯಿತು, ಎಲ್ಲಿ ಬಾಕಿಯಿದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಮ್ಮ ಡಿಸ್ಕ್ ಸ್ವಲ್ಪ ಹೊತ್ತು ಓದಿದ ಮೇಲೆ ಬಿಸಿಯೇರಿ ಕಾಣೆಯಾಗಿಬಿಡುತ್ತಿತ್ತು. ವಿದ್ಯುತ್ ತೆಗೆದು, ತಣಿಯಲು ಬಿಟ್ಟು, ಮತ್ತೆ ಅದೇ ಮ್ಯಾಪ್ ಫೈಲ್ ಕೊಟ್ಟು ಚಾಲೂ ಮಾಡಿದರೆ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಸಾಮಾನ್ಯವಾದ ಕಾಪಿ ಆಜ್ಞೆಯಲ್ಲಿ ಈ ಅನುಕೂಲವಿಲ್ಲ.

ಇಷ್ಟು ಹೊತ್ತಷ್ಟೇ ಬದುಕಿರುವ ಡಿಸ್ಕ್‌ನಲ್ಲಿ ಮೊದಲು ಏನನ್ನು ಓದಬೇಕೆಂಬುದೇ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರ ಡಿಸ್ಕ್‌ನ ಮೊದಲ ಭಾಗದಲ್ಲೇ ಸಿಕ್ಕಿತು. ಪ್ರಾಕ್ಸ್‌ಮಾಕ್ಸ್ ಅನ್ನು ಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಆರಿಸಿ ಇನ್‌ಸ್ಟಾಲ್ ಮಾಡಿದಾಗ ಅದು ಒಂದು ಎಲ್‌ವಿಎಂ (ಡಿಸ್ಕ್‌ನ ಜಾಗವನ್ನು ಭಾಗ ಮಾಡಿ ಹಂಚುವ ಏರ್ಪಾಡು) ವಿಭಾಗ ಮಾಡಿ, ಅದರೊಳಗೆ ರೂಟ್, ಸ್ವಾಪ್, ಡೇಟಾ ಎಂಬ ಭಾಗಗಳನ್ನು ಇಡುತ್ತದೆ. ಎಲ್‌ವಿಎಂ ತನ್ನ ವಿವರಗಳನ್ನು ಆ ವಿಭಾಗದ ಆರಂಭದ ಒಂದು ಎಂಬಿಯೊಳಗೆ ಸರಳ ಅಕ್ಷರಗಳಲ್ಲಿ ಬರೆದಿಡುತ್ತದೆ. ಯಾವುದೇ ವಿಶೇಷ ಸಾಧನವಿಲ್ಲದೆ ಮನುಷ್ಯರು ಓದಬಹುದು. ಓದಿ ತೆಗೆದ ಆ ತುಣುಕನ್ನು ತೆರೆದು ನೋಡಿದರೆ, ವಾಲ್ಯೂಮ್ ಗ್ರೂಪಿನ ಹೆಸರು, ಜಾಗ ಹಂಚುವ ತುಂಡು, ಅಂದರೆ ಪ್ರತಿಯೊಂದು ಎಕ್ಸ್‌ಟೆಂಟ್ 4 ಎಂಬಿ ಎಂಬ ಅಳತೆ, ಸ್ವಾಪ್ ಎಷ್ಟನೆಯ ಎಕ್ಸ್‌ಟೆಂಟಿನಿಂದ ಶುರು, ರೂಟ್ ಎಷ್ಟನೆಯದರಿಂದ ಶುರು, ಅದಕ್ಕೆ ಎಷ್ಟು ಎಕ್ಸ್‌ಟೆಂಟ್ ಸೇರಿವೆ ಎಂಬುದೆಲ್ಲ ಆವರಣಗಳ ನಡುವೆ ಸಾಲುಸಾಲಾಗಿ ಇತ್ತು. ಹಿಂದೆ ಮಾಡಿದ ಬದಲಾವಣೆಗಳ ಹಳೆಯ ಪ್ರತಿಗಳೂ ಅದರ ಕೆಳಗೇ ಇದ್ದವು. ಎಕ್ಸ್‌ಟೆಂಟ್ ಸಂಖ್ಯೆಯನ್ನು 4 ಎಂಬಿಯಿಂದ ಗುಣಿಸಿ, ವಿಭಾಗದ ಆರಂಭದ ಅಂತರವನ್ನೂ ಎಲ್‌ವಿಎಂ ತನ್ನ ವಿವರಗಳಿಗೆಂದು ಮೊದಲಲ್ಲಿ ಬಿಟ್ಟುಕೊಂಡ ಜಾಗವನ್ನೂ ಕೂಡಿಸಿದರೆ ರೂಟ್ ಭಾಗ ಡಿಸ್ಕ್‌ನ ಯಾವ ಬೈಟ್‌ನಿಂದ ಯಾವ ಬೈಟ್‌ವರೆಗೆ ಇದೆಯೆಂಬುದು ಸಿಗುತ್ತದೆ. ಡಿಡಿರೆಸ್ಕ್ಯೂಗೆ ಅಷ್ಟೇ ಜಾಗವನ್ನು ಮೊದಲು ಓದಲು ಹೇಳಿದೆ. ಮೆಮೊರಿ ಸಾಲದಾದಾಗ ಬಳಸುವ ತಾತ್ಕಾಲಿಕ ಜಾಗವಾದ ಸ್ವಾಪ್‌ನಿಂದ ಪ್ರಯೋಜನವಿಲ್ಲ, ಡೇಟಾ ಭಾಗವನ್ನು ನಾವು ಬಳಸುತ್ತಿರಲಿಲ್ಲ. ಹೀಗೆ 120 ಜಿಬಿಯ ಡಿಸ್ಕ್‌ನಲ್ಲಿ ಬೇಕಾದದ್ದು ಅದರ ಸಣ್ಣದೊಂದು ಪಾಲು ಎಂದಾಯಿತು, ಡಿಸ್ಕ್ ಅಷ್ಟಕ್ಕೆ ಬಾಳಿತು.

ಕೆಲವು ಚಿಕ್ಕ ಜಾಗಗಳು ಕೊನೆಗೂ ಓದಲು ಬರಲಿಲ್ಲ. ಆ ಜಾಗಗಳಲ್ಲಿ ಯಾವ ಫೈಲುಗಳಿದ್ದವು ಎಂದು ತಿಳಿಯಲು ಡಿಡಿರೆಸ್ಕ್ಯೂನಲ್ಲೇ ಒಂದು ಉಪಾಯವಿದೆ: ನಕಲು ಪ್ರತಿಯಲ್ಲಿ ಓದಲಾಗದ ಜಾಗಗಳನ್ನೆಲ್ಲ ನಾವು ಕೊಟ್ಟ ಒಂದು ಗುರುತಿನ ಪದದಿಂದ ತುಂಬಿಸಬಹುದು. ಬಳಿಕ ಆ ಪ್ರತಿಯನ್ನು ಮೌಂಟ್ ಮಾಡಿ (ಒಳಗಿನ ಫೈಲುಗಳು ಕಾಣುವಂತೆ ತೆರೆದು), ಎಲ್ಲ ಫೈಲುಗಳಲ್ಲೂ ಆ ಪದವನ್ನು ಹುಡುಕಿದರೆ ಪೆಟ್ಟು ತಿಂದ ಫೈಲುಗಳ ಪಟ್ಟಿ ಕೈಗೆ ಬರುತ್ತದೆ. ಮೌಂಟ್ ಮಾಡುವಾಗ ಓದಲು ಮಾತ್ರ ಎಂದು ಹೇಳಿದರೆ ಸಾಲದು. ಎಕ್ಸ್‌ಟಿ4 ತನ್ನ ಜರ್ನಲ್ ಅನ್ನು, ಅಂದರೆ ಬಾಕಿಯಿರುವ ಬರಹಗಳ ದಾಖಲೆಯನ್ನು, ಆಗಲೂ ಪೂರೈಸಲು ಹೋಗುತ್ತದೆ, ಅದಕ್ಕೆ ನೋಲೋಡ್ ಎಂಬ ಆಯ್ಕೆಯನ್ನೂ ಕೊಡಬೇಕು. ನಮ್ಮ ಪಟ್ಟಿಯಲ್ಲಿ ಬಂದದ್ದು ಒಂದಿಷ್ಟು ಲಾಗ್ ಫೈಲುಗಳು, ಮತ್ತೆ ಇನ್‌ಸ್ಟಾಲ್ ಮಾಡಿದರೆ ತಾವಾಗಿಯೇ ಬರುವ ಕೆಲವು ಲೈಬ್ರರಿಗಳು, ಮತ್ತು ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರಿಸುವ ವೈರ್‌ಗಾರ್ಡ್‌ನ ಸೆಟ್ಟಿಂಗ್ ಫೈಲು. ಕೊನೆಯದು ನಿಜವಾದ ನಷ್ಟ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಪ್ರಾಕ್ಸ್‌ಮಾಕ್ಸ್ ಬಳಸುವ ಬಹಳ ಜನ ಈ ಹಂತದಲ್ಲಿ ಎದೆಗುಂದುವ ಜಾಗವೊಂದಿದೆ. ವರ್ಚುವಲ್ ಯಂತ್ರಗಳ ಮತ್ತು ಕಂಟೇನರ್‌ಗಳ ಸೆಟ್ಟಿಂಗ್‌ಗಳೆಲ್ಲ ಇಟಿಸಿಯೊಳಗಿನ ಪಿವಿಇ ಎಂಬ ಫೋಲ್ಡರಿನಲ್ಲಿವೆ ಎಂದು ಎಲ್ಲರಿಗೂ ಗೊತ್ತು. ಸತ್ತ ಡಿಸ್ಕ್‌ನ ನಕಲನ್ನು ಮೌಂಟ್ ಮಾಡಿ ಆ ಫೋಲ್ಡರ್ ತೆರೆದರೆ ಒಳಗೆ ಏನೂ ಇರುವುದಿಲ್ಲ. ಇದರಿಂದ ಗಾಬರಿಯಾಗಬೇಕಾಗಿಲ್ಲ. ಆ ಫೋಲ್ಡರಿನ ಒಳಗಿನದು ಡಿಸ್ಕ್‌ನ ಮೇಲೆ ಫೈಲುಗಳಾಗಿ ಎಂದೂ ಇರುವುದಿಲ್ಲ. ಯಂತ್ರ ಓಡುವಾಗ ಪಿಎಂಎಕ್ಸ್‌ಸಿಎಫ್‌ಎಸ್ ಎಂಬ ಪ್ರೋಗ್ರಾಂ ಅದನ್ನು ಮೆಮೊರಿಯಿಂದ ಒದಗಿಸುತ್ತಿರುತ್ತದೆ. ಅದರ ಹಿಂದಿರುವ ನಿಜವಾದ ದಾಖಲೆ ಒಂದು ಎಸ್‌ಕ್ಯುಲೈಟ್ ಡೇಟಾಬೇಸ್. ಅದು ವಾರ್ ಫೋಲ್ಡರಿನ ಲಿಬ್ ಒಳಗೆ, ಪಿವಿಇ ಕ್ಲಸ್ಟರ್ ಎಂಬ ಹೆಸರಿನ ಜಾಗದಲ್ಲಿ, ಕಾನ್ಫಿಗ್ ಡಿಬಿ ಎಂಬ ಒಂದೇ ಫೈಲಾಗಿ ಇರುತ್ತದೆ. ಅದರ ಪಕ್ಕದಲ್ಲಿ ವಾಲ್ ಎಂದು ಕೊನೆಗೊಳ್ಳುವ ಇನ್ನೊಂದು ಫೈಲಿದ್ದರೆ ಅದನ್ನೂ ಜೊತೆಗೇ ನಕಲು ಮಾಡಿಕೊಳ್ಳಲೇಬೇಕು. ಮೂಲ ಫೈಲಿಗೆ ಇನ್ನೂ ಸೇರದ ಇತ್ತೀಚಿನ ಬದಲಾವಣೆಗಳು ಅದರಲ್ಲಿರುತ್ತವೆ. ಬಿಟ್ಟರೆ ಹಳೆಯ ಸ್ಥಿತಿಯಷ್ಟೇ ಸಿಗುತ್ತದೆ.

ಆ ಡೇಟಾಬೇಸ್‌ನಲ್ಲಿ ಟ್ರೀ ಎಂಬ ಒಂದು ಕೋಷ್ಟಕವಿದೆ. ಪ್ರತಿಯೊಂದು ಸಾಲೂ ಒಂದು ಫೈಲು ಅಥವಾ ಫೋಲ್ಡರ್: ಅದರ ಹೆಸರು, ಅದು ಯಾವ ಫೋಲ್ಡರಿನೊಳಗಿದೆ ಎಂಬ ಸಂಖ್ಯೆ, ಬದಲಾದ ಸಮಯ, ಕೊನೆಗೆ ಒಳಗಿನ ಬರಹ. ಮೊದಲು ಡೇಟಾಬೇಸ್ ಸುಸ್ಥಿತಿಯಲ್ಲಿದೆಯೇ ಎಂದು ಎಸ್‌ಕ್ಯುಲೈಟ್‌ನ ಪರೀಕ್ಷೆ ನಡೆಸಿ, ಸರಿ ಎಂಬ ಉತ್ತರ ಬಂದ ಮೇಲೆ ಒಂದೊಂದು ಸಾಲನ್ನೂ ಪ್ರತ್ಯೇಕ ಫೈಲಾಗಿ ಹೊರತೆಗೆದೆ. 101ನೆಯ ಕಂಟೇನರ್‌ನ ಫೈಲು ತೆರೆದಾಗ ಎಲ್ಲವೂ ಬಿಟ್ಟ ಹಾಗೆಯೇ ಇತ್ತು: ಮೆಮೊರಿ 2048, ಕಡಿಮೆ ಅಧಿಕಾರದ ಕಂಟೇನರ್ ಎಂಬ ಸೂಚನೆ, ಬಿಸಿ:24:11 ಎಂದು ಶುರುವಾಗುವ ನೆಟ್‌ವರ್ಕ್ ಗುರುತು, ಪೂಲ್‌ನ ಯಾವ ಫೋಲ್ಡರ್ ಒಳಗಡೆ ಎಲ್ಲಿ ಕಾಣಬೇಕೆಂಬ ಸಾಲು. ಎಲ್ಲಕ್ಕಿಂತ ಮೇಲೆ, ಚೌಕುಳಿ ಚಿಹ್ನೆಯಿಂದ ಶುರುವಾಗುವ ಸಾಲುಗಳಲ್ಲಿ, ಈ ಕಂಟೇನರ್ ಯಾಕೆ ಹೀಗಿದೆಯೆಂದು ನಾನೇ ಬರೆದ ಟಿಪ್ಪಣಿಯೂ ಇತ್ತು. ಬಳಕೆದಾರರ ಪಟ್ಟಿ, ಶೇಖರಣೆಯ ವಿವರ, ರಾತ್ರಿಯ ಬ್ಯಾಕಪ್‌ಗಳ ವೇಳಾಪಟ್ಟಿ ಎಲ್ಲ ಅದೇ ಕೋಷ್ಟಕದಿಂದ ಹೊರಬಂದವು.

ಈ ಡೇಟಾಬೇಸ್ ಸಿಗದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನೂ ನಾನು ಪ್ರಯತ್ನಿಸಿ ನೋಡಿದೆ. ಬೂಟ್ ಡಿಸ್ಕ್ ಪೂರ್ತಿ ಸತ್ತವರಿಗೆ ಇದೊಂದೇ ದಾರಿಯಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಝಡ್‌ಎಫ್‌ಎಸ್‌ನಲ್ಲಿ ಪೂಲ್‌ಗೆ ಸಂಬಂಧಿಸಿದ ಯಾವ ಮಾಹಿತಿಗೂ ಬೂಟ್ ಡಿಸ್ಕ್‌ನ ಹಂಗಿಲ್ಲ. ಪ್ರತಿಯೊಂದು ಡಿಸ್ಕ್‌ನ ಮೇಲೂ ನಾಲ್ಕು ಲೇಬಲ್‌ಗಳಿರುತ್ತವೆ, ಎರಡು ಆರಂಭದಲ್ಲಿ, ಎರಡು ಕೊನೆಯಲ್ಲಿ; ಪೂಲ್‌ನ ಹೆಸರು, ಅದರ ಗುರುತಿನ ಸಂಖ್ಯೆ, ಜೊತೆಯ ಡಿಸ್ಕ್ ಯಾವುದು ಎಂಬುದೆಲ್ಲ ಅಲ್ಲಿದೆ. ಹೊಸ ಯಂತ್ರಕ್ಕೆ ಜೋಡಿಸಿ ಇಂಪೋರ್ಟ್ ಆಜ್ಞೆ ಕೊಟ್ಟರೆ ಕಣಜ ತಾನಾಗಿ ಕಾಣಿಸಿಕೊಳ್ಳುತ್ತದೆ. ಹಿಂದೆ ಬೇರೆ ಯಂತ್ರ ಬಳಸುತ್ತಿತ್ತು ಎಂಬ ಎಚ್ಚರಿಕೆ ಬರುವುದರಿಂದ ಒತ್ತಾಯದ ಆಯ್ಕೆ ಕೊಡಬೇಕಾಗುತ್ತದೆ. ಮೊದಲ ಸಲ ಓದಲು ಮಾತ್ರ ಎಂದು ತೆರೆದು, ಎಲ್ಲ ಸರಿಯಿದೆಯೆಂದು ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು.

ತೆರೆದ ಮೇಲೆ ಹಿಸ್ಟರಿ ಆಜ್ಞೆ ಕೊಡಬೇಕು. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವುದಾಗಿ ಕಂಡದ್ದು ಇದು. ಆ ಪೂಲ್‌ನ ಮೇಲೆ ಮಾಡಿದ ಬದಲಾವಣೆಯ ಆಜ್ಞೆಗಳನ್ನೆಲ್ಲ ತಾರೀಕು, ಗಂಟೆ, ನಿಮಿಷ ಸಹಿತ ಪೂಲ್ ತನ್ನೊಳಗೇ ಬರೆದುಕೊಂಡಿರುತ್ತದೆ. ದಾಖಲೆಗೆ ಮೀಸಲಾದ ಜಾಗ ತುಂಬಿದರೆ ಹಳೆಯ ನಮೂದುಗಳು ಅಳಿಯುತ್ತವೆ, ಆದರೆ ಪೂಲ್ ಅನ್ನು ಸೃಷ್ಟಿಸಿದ ಮೊತ್ತಮೊದಲ ಆಜ್ಞೆ ಎಂದೂ ಅಳಿಯುವುದಿಲ್ಲ. ತಾಳಮದ್ದಳೆಯ ಧ್ವನಿಮುದ್ರಣಗಳಿಗೆ ಬೇರೆ ಡೇಟಾಸೆಟ್ (ಪೂಲ್‌ನೊಳಗಿನ ಪ್ರತ್ಯೇಕ ವಿಭಾಗ) ಯಾವಾಗ ಮಾಡಿದೆ, ಫೋಟೊಗಳದಕ್ಕೆ ಎಷ್ಟು ಜಾಗದ ಮಿತಿ ಹಾಕಿದೆ, ಯಾವುದಕ್ಕೆ ಯಾವ ಬಗೆಯ ಕಂಪ್ರೆಶನ್ ಕೊಟ್ಟೆ, ಪ್ರತಿ ರಾತ್ರಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ಎಷ್ಟು ಗಂಟೆಗೆ ನಡೆಯುತ್ತಿತ್ತು ಎಂಬುದೆಲ್ಲ ಅಲ್ಲಿ ಕಣ್ಣೆದುರಿಗೆ ಬಂತು. ಕ್ರಾನ್ ಪಟ್ಟಿ ಇಲ್ಲದಿದ್ದರೂ, ಸ್ನ್ಯಾಪ್‌ಶಾಟ್‌ಗಳ ಸಮಯ ನೋಡಿಯೇ ಆ ಪಟ್ಟಿಯ ದೊಡ್ಡದೊಂದು ಭಾಗವನ್ನು ಮತ್ತೆ ಬರೆಯಬಹುದಿತ್ತು.

ಅತಿಥಿ ಯಂತ್ರಗಳ, ಅಂದರೆ ವರ್ಚುವಲ್ ಯಂತ್ರ ಮತ್ತು ಕಂಟೇನರ್‌ಗಳ ಡಿಸ್ಕ್‌ಗಳು ಪೂಲ್‌ನಲ್ಲೇ ಇದ್ದುದರಿಂದ ಅವುಗಳ ಹೆಸರೇ ಅರ್ಧ ಕಥೆ ಹೇಳುತ್ತಿತ್ತು. ವಿಎಂ-100 ಎಂದಿದ್ದರೆ ಅದು 100ನೆಯ ವರ್ಚುವಲ್ ಯಂತ್ರದ್ದು, ಸಬ್‌ವಾಲ್-101 ಎಂದಿದ್ದರೆ 101ನೆಯ ಕಂಟೇನರ್‌ನದು. ಕಂಟೇನರ್‌ನ ಫೋಲ್ಡರಿನೊಳಗೆ ಹೊಕ್ಕರೆ ಅದರ ಹೆಸರು, ಫೈಲುಗಳನ್ನು ಮನೆಯವರಿಗೆ ಹಂಚುವ ಸಾಂಬಾದ ಸೆಟ್ಟಿಂಗ್, ಅದರ ಬಳಕೆದಾರರು ಎಲ್ಲ ಅಲ್ಲಿಯೇ ಇರುತ್ತಾರೆ. ಫೈಲುಗಳ ಒಡೆತನದ ಸಂಖ್ಯೆಗಳೂ ಸಾಕ್ಷಿ ಹೇಳುತ್ತವೆ. ಕಡಿಮೆ ಅಧಿಕಾರದ ಕಂಟೇನರ್‌ನ ಒಳಗಿನ 1000ನೆಯ ಬಳಕೆದಾರ ಹೊರಗಿನಿಂದ ನೋಡಿದರೆ 101000 ಎಂದು ಕಾಣುತ್ತಾನೆ, ಏಕೆಂದರೆ ಒಳಗಿನ ಸಂಖ್ಯೆಗಳಿಗೆ 100000 ಕೂಡಿಸಿ ಹೊರಗೆ ದಾಖಲಿಸುವುದು ಅಲ್ಲಿನ ರೂಢಿಯ ಏರ್ಪಾಡು. ಒಂದು ಡೇಟಾಸೆಟ್‌ನಲ್ಲಿ ಮಾತ್ರ ಫೈಲುಗಳ ಒಡೆಯ ಬರಿಯ 1000 ಎಂದು ಕಂಡರೆ, ಅದನ್ನು ಬಳಸುವ ಕಂಟೇನರ್‌ಗೆ ಪ್ರತ್ಯೇಕವಾದ ಸಂಖ್ಯಾ ಹೊಂದಾಣಿಕೆ ಮಾಡಿರಬೇಕು ಎಂದು ತರ್ಕಿಸಬಹುದು. ಹೊರತೆಗೆದ ಫೈಲುಗಳೊಂದಿಗೆ ತಾಳೆ ನೋಡಿದಾಗ ಈ ತರ್ಕ ಸರಿಯಾಗಿತ್ತು.

ಮನೆಯ ಉಳಿದ ಸಾಧನಗಳೂ ಸರ್ವರ್ ಅನ್ನು ನೆನಪಿಟ್ಟುಕೊಂಡಿರುತ್ತವೆ. ರೌಟರ್‌ನ ಪುಟದಲ್ಲಿ ಯಾವ ನೆಟ್‌ವರ್ಕ್ ಗುರುತಿಗೆ ಯಾವ ಐಪಿ ವಿಳಾಸ ಕಾದಿರಿಸಿದೆ ಎಂಬ ಪಟ್ಟಿ ಇದೆ. ಬಿಸಿ:24:11 ಎಂದು ಶುರುವಾಗುವವು ಪ್ರಾಕ್ಸ್‌ಮಾಕ್ಸ್ ತನ್ನ ಅತಿಥಿಗಳಿಗೆ ಈಚಿನ ಆವೃತ್ತಿಗಳಲ್ಲಿ ಕೊಡುವ ಗುರುತುಗಳು. ಹೊರಗಿನಿಂದ ಬರುವ ಯಾವ ಪೋರ್ಟನ್ನು ಒಳಗೆ ಎಲ್ಲಿಗೆ ತಿರುಗಿಸಬೇಕೆಂಬುದೂ ಅಲ್ಲಿಯೇ ಇದೆ. ಪಂಪ್‌ಶೆಡ್ಡಿನಲ್ಲಿರುವ ಸಣ್ಣ ಇಎಸ್‌ಪಿ32 ಬೋರ್ಡ್ ಯಾವ ವಿಳಾಸಕ್ಕೆ ತನ್ನ ಅಂಕಿಗಳನ್ನು ಕಳಿಸಬೇಕೆಂದು ತನ್ನೊಳಗೆ ಬರೆದುಕೊಂಡಿದೆ. ಅಮ್ಮನ ಫೋನಿನ ಫೋಟೊ ಆ್ಯಪ್‌ನಲ್ಲಿ ಸರ್ವರ್‌ನ ವಿಳಾಸ ಇದೆ. ಇವನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಂಡಾಗ, ಸತ್ತ ಡಿಸ್ಕ್‌ನಿಂದ ಒಂದಕ್ಷರ ಓದದಿದ್ದರೂ ವ್ಯವಸ್ಥೆಯ ಹೆಚ್ಚಿನ ಭಾಗ ಕಣ್ಣಿಗೆ ಕಟ್ಟಿತು.

ಹೊಸ ಡಿಸ್ಕ್‌ಗಳನ್ನು ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದರಿಂದ ತಂದೆ. ಈ ಸಲ ಬೇರೆ ಬೇರೆ ಕಂಪನಿಯ ಎರಡು ಎಸ್‌ಎಸ್‌ಡಿಗಳನ್ನು ಮಿರರ್ ಮಾಡಿ ಬೂಟ್‌ಗೆ ಇಟ್ಟಿದ್ದೇನೆ. ಒಂದೇ ಮಾದರಿಯವು ಒಂದೇ ಕಾಲಕ್ಕೆ ಸವೆಯುವ ಸಾಧ್ಯತೆ ಹೆಚ್ಚು. ಇನ್‌ಸ್ಟಾಲ್ ಮಾಡುವಾಗ 4 ಟಿಬಿಯ ಎರಡೂ ಡಿಸ್ಕ್‌ಗಳ ಕೇಬಲ್ ಕಿತ್ತಿಟ್ಟಿದ್ದೆ. ಆ ಪರದೆಯಲ್ಲಿ ಯಾವ ಡಿಸ್ಕ್ ಅಳಿಸಬೇಕೆಂದು ಆರಿಸುವಾಗ, ಕೇಬಲ್ ಇಲ್ಲದ ಡಿಸ್ಕ್‌ಗೆ ಯಾವ ಅಪಾಯವೂ ಇಲ್ಲ. ಪ್ರಾಕ್ಸ್‌ಮಾಕ್ಸ್ 9 ಲಭ್ಯವಿದ್ದರೂ ಮೊದಲು 8ನ್ನೇ ಹಾಕಿದೆ. ಹಳೆಯ ಸೆಟ್ಟಿಂಗ್‌ಗಳನ್ನು ಅದೇ ಆವೃತ್ತಿಯ ಮೇಲೆ ಕೂರಿಸಿ, ಎಲ್ಲ ನಡೆಯುತ್ತದೆಂದು ನೋಡಿ, ಅನಂತರ ಮೇಲಿನ ಆವೃತ್ತಿಗೆ ಹೋಗುವುದು ಸುರಕ್ಷಿತ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ತೊಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಹಳೆಯ ಕಾನ್ಫಿಗ್ ಡಿಬಿಯನ್ನು ಹೊಸದರ ಜಾಗದಲ್ಲಿ ಹಾಗೇ ಇಟ್ಟುಬಿಡಬಹುದು. ಯಂತ್ರದ ಹೆಸರು ಹಿಂದಿನದೇ ಆಗಿರಬೇಕು, ಕ್ಲಸ್ಟರ್ ಸೇವೆಯನ್ನು ನಿಲ್ಲಿಸಿ ಬದಲಿಸಬೇಕು ಎಂಬ ಎರಡು ಷರತ್ತುಗಳಿವೆ. ನಾನು ಹಾಗೆ ಮಾಡದೆ, ಬೇಕಾದ ಫೈಲುಗಳನ್ನು ಒಂದೊಂದಾಗಿ ಓದಿ, ಅರ್ಥ ಮಾಡಿಕೊಂಡು, ಹೊಸದಕ್ಕೆ ಹಾಕಿದೆ. ಹಳೆಯದರಲ್ಲಿ ಯಾವತ್ತೋ ಪ್ರಯೋಗಕ್ಕೆಂದು ಮಾಡಿದ, ಈಗ ಬೇಡವಾದ ವಿಷಯಗಳೂ ಇದ್ದವು. ಶೇಖರಣೆಯ ಪಟ್ಟಿಯಲ್ಲಿ ಸತ್ತ ಡಿಸ್ಕ್‌ನ ಎಲ್‌ವಿಎಂ ಹೆಸರೂ ಇತ್ತು. ತಡವಾದರೂ ಈ ಕ್ರಮದಿಂದ ಪ್ರತಿಯೊಂದು ಸಾಲಿಗೂ ಕಾರಣ ಗೊತ್ತಿರುತ್ತದೆ. ಫೈಲುಗಳನ್ನು ಇಟ್ಟ ಕ್ಷಣ ಅತಿಥಿ ಯಂತ್ರಗಳೆಲ್ಲ ಪಟ್ಟಿಯಲ್ಲಿ ಕಾಣಿಸಿಕೊಂಡವು, ಹೋಮ್ ಅಸಿಸ್ಟೆಂಟ್ ಎದ್ದಿತು, ಮಳೆಮಾಪಕದ ಅಂಕಿ ಬರಲು ಶುರುವಾಯಿತು.

ಉಳಿದದ್ದು ಕೀಲಿಗಳ ವಿಷಯ. ತೋಟದ ಲೆಕ್ಕವಿರುವ ಡೇಟಾಸೆಟ್ ಎನ್‌ಕ್ರಿಪ್ಟ್ ಆಗಿದೆ. ಅದನ್ನು ತೆರೆಯುವ ಕೀಲಿ ಬೂಟ್ ಡಿಸ್ಕ್‌ನ ಒಂದು ಫೈಲಿನಲ್ಲಿರುತ್ತದೆ. ಅದು 64 ಅಕ್ಷರಗಳ ಹೆಕ್ಸ್ ರೂಪದ್ದಾದ್ದರಿಂದ ಕಾಗದದ ಮೇಲೆ ಬರೆದಿಡಬಹುದು, ಅದರ ಒಂದು ಪ್ರತಿ ಜಮೀನಿನ ಕಾಗದಪತ್ರಗಳ ಟ್ರಂಕಿನಲ್ಲಿ ಇದೆ. ಡಿಸ್ಕ್‌ನಿಂದ ಫೈಲೂ ಸಿಕ್ಕಿತು, ಎರಡನ್ನೂ ಹೋಲಿಸಿ ನೋಡಿದೆ. ಆ ಕೀಲಿ ಎರಡೂ ಕಡೆ ಇಲ್ಲವಾಗಿದ್ದರೆ ಎರಡು ಡಿಸ್ಕ್, ಶಿವಮೊಗ್ಗದ ಪ್ರತಿ, ಯಾವುದರಿಂದಲೂ ಆ ಲೆಕ್ಕವನ್ನು ಯಾರಿಂದಲೂ ತೆರೆಯಲಾಗುತ್ತಿರಲಿಲ್ಲ.

ವೈರ್‌ಗಾರ್ಡ್‌ನ ಕಥೆ ಬೇರೆ. ಹೊರ ಊರಿನಿಂದ ಮನೆಯ ಸರ್ವರ್ ತಲುಪಲು ಅಕ್ಕ, ಭಾವ, ನಾನು ಅದನ್ನು ಬಳಸುತ್ತೇವೆ. ನಮ್ಮೆಲ್ಲರ ಫೋನಿನಲ್ಲಿ ಸರ್ವರ್‌ನ ಸಾರ್ವಜನಿಕ ಕೀಲಿ, ವಿಳಾಸ, ಪೋರ್ಟ್, ಒಳಗಿನ ಐಪಿಗಳು ಎಲ್ಲ ಇದ್ದವು. ಸರ್ವರ್‌ನ ಖಾಸಗಿ ಕೀಲಿ ಮಾತ್ರ ಓದಲಾಗದ ಆ ಜಾಗದಲ್ಲಿತ್ತು. ಖಾಸಗಿ ಕೀಲಿಯಿಂದ ಸಾರ್ವಜನಿಕ ಕೀಲಿಯನ್ನು ಕ್ಷಣದಲ್ಲಿ ಮಾಡಬಹುದು, ಸಾರ್ವಜನಿಕದಿಂದ ಖಾಸಗಿಯನ್ನು ಪಡೆಯಲು ದಾರಿಯೇ ಇಲ್ಲ. ಇಡೀ ಏರ್ಪಾಡಿನ ಭದ್ರತೆ ನಿಂತಿರುವುದೇ ಅದರ ಮೇಲೆ. ಹಾಗಾಗಿ ಸರ್ವರ್‌ಗೆ ಹೊಸ ಜೋಡಿ ಕೀಲಿ ಮಾಡಿ, ಪ್ರತಿಯೊಂದು ಫೋನಿನಲ್ಲೂ ಹಳೆಯ ಸಾರ್ವಜನಿಕ ಕೀಲಿಯನ್ನು ಬದಲಾಯಿಸಬೇಕಾಯಿತು. ಫೋನುಗಳ ಕಡೆಯ ಸಾರ್ವಜನಿಕ ಕೀಲಿಗಳನ್ನು ಅವುಗಳ ಆ್ಯಪ್‌ನಿಂದಲೇ ಓದಿ ಸರ್ವರ್‌ಗೆ ಮರಳಿ ಸೇರಿಸಿದೆ. ಅಕ್ಕ ಆ ಉದ್ದನೆಯ ಅಕ್ಷರಸಾಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, "ಇದನ್ನು ಹೀಗೆ ಕಳಿಸಿದರೆ ತೊಂದರೆ ಇಲ್ಲವಾ?" ಎಂದು ಕೇಳಿದಳು. ಸಾರ್ವಜನಿಕ ಕೀಲಿಯನ್ನು ಕಳಿಸುವುದರಿಂದ ತೊಂದರೆಯಿಲ್ಲ. ಆ ಪ್ರಶ್ನೆ ಕೇಳುವ ಎಚ್ಚರ ಎಲ್ಲರಲ್ಲೂ ಇರಬೇಕಾದದ್ದು.

ಕೆಟ್ಟ ಎಸ್‌ಎಸ್‌ಡಿಗೆ ವಾರಂಟಿ ಇನ್ನೂ ಇತ್ತು. ಹಿಂದಿರುಗಿಸಿದರೆ ಹೊಸದು ಕೊಡುತ್ತಾರೆ, ಆದರೆ ಹಳೆಯದು ಅವರ ಪಾಲಾಗುತ್ತದೆ. ಬರೆಯಲು ಒಪ್ಪದ ಡಿಸ್ಕ್ ಅನ್ನು ಅಳಿಸಲೂ ಆಗುವುದಿಲ್ಲ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳು, ಡೇಟಾಸೆಟ್‌ನ ಕೀಲಿ, ಪಾಸ್‌ವರ್ಡ್‌ಗಳ ಹ್ಯಾಶ್ ಎಲ್ಲ ಅದರೊಳಗೆ ಓದಲು ಬರುವ ಸ್ಥಿತಿಯಲ್ಲಿದ್ದುದರಿಂದ ನಾನು ಹಿಂದಿರುಗಿಸಲಿಲ್ಲ. ಬೂಟ್ ಡಿಸ್ಕ್ ಅನ್ನು ಮೊದಲಿನಿಂದಲೇ ಎನ್‌ಕ್ರಿಪ್ಟ್ ಮಾಡಿದವರಿಗೆ ಈ ತೊಡಕು ಇರುವುದಿಲ್ಲ, ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಯಾರಾದರೂ ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅದು ನಡೆಯುವ ಮಾತಲ್ಲ ಎಂಬ ಕಾರಣಕ್ಕೆ ನಾನು ಆ ದಾರಿಯನ್ನು ಆರಿಸಿಕೊಂಡಿಲ್ಲ.

ಈಗ ಪ್ರತಿ ರಾತ್ರಿ ಒಂದು ಸಣ್ಣ ಸ್ಕ್ರಿಪ್ಟ್ ನಡೆಯುತ್ತದೆ. ಕಾನ್ಫಿಗ್ ಡಿಬಿಯನ್ನು ಎಸ್‌ಕ್ಯುಲೈಟ್‌ನದೇ ಬ್ಯಾಕಪ್ ಆಜ್ಞೆಯಿಂದ ನಕಲು ಮಾಡುತ್ತದೆ. ಓಡುತ್ತಿರುವ ಡೇಟಾಬೇಸ್‌ನ ಸುಸಂಗತ ಪ್ರತಿ ಸಿಗಲು ಅದೇ ಸರಿಯಾದ ವಿಧಾನ. ಜೊತೆಗೆ ಇಟಿಸಿ ಫೋಲ್ಡರ್, ಕ್ರಾನ್ ಪಟ್ಟಿ, ಕೈಯಾರೆ ಹಾಕಿದ ಪ್ಯಾಕೇಜುಗಳ ಹೆಸರು, ಡಿಸ್ಕ್‌ಗಳ ಯುಯುಐಡಿ ಮತ್ತು ಸೀರಿಯಲ್ ಸಂಖ್ಯೆ, ಎಲ್ಲವನ್ನೂ ಕಣಜದ ಎನ್‌ಕ್ರಿಪ್ಟ್ ಆದ ಒಂದು ಡೇಟಾಸೆಟ್‌ನಲ್ಲಿ ಇಡುತ್ತದೆ. ಅದು ಬಿಡಿಸದ ರೂಪದಲ್ಲೇ ವಿನೋಬನಗರಕ್ಕೆ ಹೋಗುವುದರಿಂದ ಅಲ್ಲಿನ ಯಂತ್ರಕ್ಕೆ ಕೀಲಿ ಕೊಡಬೇಕಾಗಿಲ್ಲ. ಎಲ್ಲ ಸೇರಿ ಕೆಲವು ಎಂಬಿ. ಡಿಸ್ಕ್‌ನ ಮೇಲೆ ಬೀಳುವ ಬರಹದ ಹೊರೆ ತಗ್ಗಿಸಲು, ಒಂದೇ ಯಂತ್ರವಿರುವ ಮನೆಗೆ ಬೇಡವಾದ ಹೈ ಅವೈಲಬಿಲಿಟಿ (ಒಂದು ಯಂತ್ರ ಕೆಟ್ಟರೆ ಇನ್ನೊಂದರಲ್ಲಿ ಕೆಲಸ ಮುಂದುವರಿಸುವ) ಸೇವೆಗಳನ್ನು ನಿಲ್ಲಿಸಿದ್ದೇನೆ. ಮಳೆ ಕಡಿಮೆಯಾದ ಮೇಲೆ ಭಾವ ಬಂದಾಗ, ಈ ಪ್ರತಿಯನ್ನಷ್ಟೇ ಇಟ್ಟುಕೊಂಡು ನೆಟ್‌ವರ್ಕ್ ಕೇಬಲ್ ಜೋಡಿಸದ ಹಳೆಯ ಲ್ಯಾಪ್‌ಟಾಪಿನ ಮೇಲೆ ಇಡೀ ವ್ಯವಸ್ಥೆಯನ್ನು ಕಟ್ಟಿ ನೋಡಿದೆವು. ಸಂಜೆಯ ಕಾಫಿಯ ಹೊತ್ತಿಗೆ ಕಂಟೇನರ್‌ಗಳ ಪಟ್ಟಿ ಪರದೆಯ ಮೇಲಿತ್ತು. ಟ್ರಂಕಿನ ಕಾಗದಕ್ಕೆ ವೈರ್‌ಗಾರ್ಡ್‌ನ ಹೊಸ ಖಾಸಗಿ ಕೀಲಿಯನ್ನು ಅಂದೇ ಸೇರಿಸಿದೆವು. ನಾನು ಓದಿ ಹೇಳಿದೆ, ಭಾವ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ ನೋಡಿಕೊಂಡು ಬರೆದರು, ಬರೆದದ್ದನ್ನು ಮತ್ತೆ ಟೈಪ್ ಮಾಡಿ ಅದರಿಂದ ಸಾರ್ವಜನಿಕ ಕೀಲಿ ತೆಗೆದು, ಫೋನಿನಲ್ಲಿರುವುದಕ್ಕೆ ಸರಿಹೊಂದುತ್ತದೆಂದು ಖಚಿತಪಡಿಸಿಕೊಂಡೆವು.